ಟೀ ಮೊದಲೋ, ಪೂಜೆ ಮೊದಲೋ

ನಮ್ಮ ‘ಅಜ್ಜಿ ಮನೆ’ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಹೋದ ಭಾನುವಾರ ಬೆಳಿಗ್ಗೆ ಗುಬ್ಬಿಯ ಅತ್ತೆ ಒಂದು ಚಿತ್ರ ಹಾಕಿದರು. ಹುಟ್ಟುವ ಸೂರ್ಯ, ಪಕ್ಕದಲ್ಲಿ ಬಸವಣ್ಣನವರು, ಕೆಳಗೆ ಹಳದಿ ಅಕ್ಷರ:

‘ಮಡಿ ಲೆಕ್ಕ ಇಡುವವನು ಅಂಗಡಿಯವನು, ಮನಸ್ಸು ನೋಡುವವನು ಶಿವನು. ದೇವರಿಗೆ ಬೇಕು ನಿನ್ನ ಒಡನಾಟ, ಬೇಡ ನಿನ್ನ ನೇಮ, ಕಾಣಾ ಚೆನ್ನಮಲ್ಲಿಕಾರ್ಜುನಾ. – ಬಸವಣ್ಣ’

ಇದು ಯಾರಿಗೆ ಬಿಟ್ಟ ಬಾಣ ಅಂತ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸೋಮವಾರ ಅತ್ತೆ ತುಮಕೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದರು. ಸಕ್ಕರೆ ಕಾಯಿಲೆ ಮಾತ್ರೆ ತಗೋಬೇಕು ಅಂತ ಲಿಂಗಪೂಜೆಗೆ ಮುಂಚೆ ಟೀ ಕುಡಿದರು, ಎರಡು ಬಿಸ್ಕತ್ತನ್ನೂ ತಿಂದರು. ‘ನಮ್ಮನೇಲಿ ಹಂಗಿಲ್ಲಮ್ಮ’ ಅಂದಿದ್ದರು ದೊಡ್ಡಮ್ಮ.

ಮೊದಲು ಎದ್ದು ನಿಂತವನು ಅತ್ತೆಯ ಸ್ವಂತ ಮಗ. ಬೆಂಗಳೂರಿನಲ್ಲಿರುವ ನಮ್ಮ ಭಾವ.

‘ಅಮ್ಮ, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿ ಅಂಕಿತ. ಬಸವಣ್ಣನವರದ್ದು ಕೂಡಲಸಂಗಮದೇವ. ಸರ್ಕಾರ ತಂದ ಸಮಗ್ರ ವಚನ ಸಂಪುಟ 15 ಇದೆ. ಇದು ಯಾವ ಸಂಪುಟದ್ದು, ಎಷ್ಟನೇ ವಚನ?’

‘ಹೆತ್ತ ತಾಯಿ ಹತ್ರಾನೇ ಆಧಾರ ಕೇಳ್ತೀಯಾ?’

ಅಲ್ಲಿಗೆ ವಚನದ ವಿಷಯ ಮುಗಿಯಿತು. ಅಂಗಡಿಯವನ ಮಾತನ್ನು ಯಾರೂ ಓದಿರಲಿಲ್ಲ ಅಂತ ನನ್ನ ಅನುಮಾನ. ಓದಿದ್ದರೆ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಪ್ಪ ಸುಮ್ಮನಿರುತ್ತಿರಲಿಲ್ಲ.

ಒಂಬತ್ತು ಗಂಟೆಗೆ ದೊಡ್ಡಪ್ಪ ಬಂದರು. ಅವರು ನಿವೃತ್ತ ಮೇಷ್ಟ್ರು, ಸಿದ್ಧಗಂಗಾ ಮಠದಲ್ಲೇ ಉಂಡು ಓದಿದವರು. ಟೈಪ್ ಮಾಡುತ್ತಿದ್ದಾರೆ ಅಂತ ಹತ್ತು ನಿಮಿಷ ತೋರಿಸಿತು.

‘ನೇಮವಿಲ್ಲದ ಭಕ್ತಿ ಏರಿ ಇಲ್ಲದ ಕೆರೆಯಂತೆ. ನಮ್ಮ ಮಠದ ದೊಡ್ಡ ಬುದ್ಧಿಯವರು, ಶಿವಕುಮಾರ ಸ್ವಾಮಿಗಳು, 2019ರ ಜನವರಿ 21ರಂದು ಲಿಂಗೈಕ್ಯರಾದಾಗ 111 ವರ್ಷ. ನೂರು ದಾಟಿದ ಮೇಲೂ ಬೆಳಗಿನ ಜಾವ ಎದ್ದು ಇಷ್ಟಲಿಂಗ ಪೂಜೆ ಮಾಡುತ್ತಿದ್ದರು. ನಮಗೆ ಒಂದು ಲೋಟ ಟೀ ತಡೆಯಲು ಆಗುವುದಿಲ್ಲವೇ?’

‘ಮಾವ, ಏರಿ ಇದ್ದು ನೀರಿಲ್ಲದ ಕೆರೆಗಳೇ ನಮ್ಮ ಜಿಲ್ಲೇಲಿ ಜಾಸ್ತಿ’ ಅಂದ ಭಾವ. ಏಳು ಜನ ನಕ್ಕರು. ದೊಡ್ಡಪ್ಪ ನಗಲಿಲ್ಲ.

ಭಾವ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ‘ಬುದ್ಧಿಯವರು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿದ್ರು. ಅದನ್ನ ಯಾಕೆ ಬಿಟ್ರಿ? ಮಧ್ಯದಲ್ಲಿ ಗುಡಿ ಬೇಡ, ಪೂಜಾರಿ ಬೇಡ ಅಂತಾನೇ ಅಂಗೈಗೆ ಲಿಂಗ ಕೊಟ್ಟಿದ್ದು. ಲಿಂಗ ಕಟ್ಟಿದವರಿಗೆ ಐದು ಸೂತಕ ಇಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ. ಇದರಲ್ಲಿ ಟೀ ಎಲ್ಲಿ ಬರುತ್ತೆ?’

ಇದು ಇಡೀ ದಿನದ ಒಳ್ಳೆಯ ಮಾತು. ಆದರೆ ಅತ್ತೆಗೆ ಅದರಲ್ಲಿ ಒಂದೇ ಪದ ಕಂಡಿತು.

‘ಮುಟ್ಟು ಸೂತಕ ಇಲ್ವಂತೆ ಅಣ್ಣಯ್ಯ. ಹಾಗಾದ್ರೆ 1998ರಲ್ಲಿ ಪುಟ್ಟನ ನಾಮಕರಣದ ದಿನ ನನ್ನನ್ನ ಹಿಂದಿನ ಜಗಲಿ ಮೇಲೆ ಯಾಕೆ ಕೂರಿಸಿದ್ರಿ? ಹೋಳಿಗೆ ತಣ್ಣಗಾದ ಮೇಲೆ ಕೊಟ್ರಿ.’

ಪುಟ್ಟ ಅಂದರೆ ನಾನೇ. ನನ್ನ ತಪ್ಪೇನೂ ಇರಲಿಲ್ಲ. ಆದರೂ ಕ್ಷಮಿಸಿ ಅತ್ತೆ ಅಂತ ಹಾಕಿದೆ. ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಮಸ್ಕತ್‌ನಿಂದ ಚಿಕ್ಕಪ್ಪನ ಮಗ ಬಂದ. ಮೇಲಿನದ್ದೇನನ್ನೂ ಅವನು ಓದಿಲ್ಲ. ‘ಮಠ ಅಂದಾಗ ನೆನಪಾಯ್ತು. ಶಿವರಾತ್ರಿ ಜಾತ್ರೆ, ದನಗಳು, ಆ ಧೂಳು! ಬರ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಆಹಾ!’

‘ಬರ್ತಾ ಅಲ್ಲ, ಹೋಗ್ತಾ’ ಅಂತ ನನ್ನ ತಂಗಿ ತಿದ್ದಿದಳು. ‘ಅಜ್ಜಿ ಮೊದಲು ಇಡ್ಲಿ ತಿನ್ನಿಸ್ತಿದ್ರು, ಆಮೇಲೆ ಬೆಟ್ಟ ಹತ್ತಿಸ್ತಿದ್ರು.’

ಅದು ನಿಜ. ಮೊದಲು ದರ್ಶನ, ಆಮೇಲೆ ತಿಂಡಿ ಅಂತ ತಾತ ಗದರುತ್ತಿದ್ದರು. ‘ಮಕ್ಕಳ ಹೊಟ್ಟೆ ಕಾಯಿಸ್ಕೊಂಡು ಹೋಗಿ ಅವನ ಮುಖ ಹೆಂಗೆ ನೋಡ್ಲಿ?’ ಅನ್ನುತ್ತಿದ್ದರು ಅಜ್ಜಿ. ಅಂಗೈ ಮೇಲಿನ ಲಿಂಗವನ್ನು ಮನೆಮಗನ ಹಾಗೆ ಮಾತಾಡಿಸುತ್ತಿದ್ದರು. ‘ಮೊಣಕಾಲು ಬಿಡ್ತಿಲ್ಲ ಕಣಪ್ಪ, ಇವತ್ತು ಮಂಚದ ಮೇಲೇ ಕೂತ್ಕೋತೀನಿ.’

‘ನೋಡಿ, ಅಮ್ಮ ನಮ್ಮ ಕಡೆ’ ಅಂದರು ಅತ್ತೆ.

‘ಅಮ್ಮ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ. ಪೂಜೆ ಆಗದೆ ತಾನು ತೊಟ್ಟು ನೀರು ಕುಡಿದವಳಲ್ಲ’ ಅಂದರು ದೊಡ್ಡಪ್ಪ. ಅದೂ ನಿಜವೇ.

‘ಅಮ್ಮನ ಬೆಳ್ಳಿ ಕರಡಿಗೆ ಯಾರ ಬೀರುವಿನಲ್ಲಿದೆ, ಅದನ್ನೂ ಹೇಳಿಬಿಡಿ ಅಣ್ಣಯ್ಯ.’

ಗುಂಪು ಗಪ್‌ಚುಪ್ಪಾಯಿತು. ಅಜ್ಜಿಯನ್ನು ಮಣ್ಣು ಮಾಡುವಾಗ ಲಿಂಗ ಅವರ ಅಂಗೈಯಲ್ಲೇ ಹೋಯಿತು. ಅದನ್ನಿಡುತ್ತಿದ್ದ ಕರಡಿಗೆ ಮಾತ್ರ ಎಲ್ಲಿ ಹೋಯಿತು ಅಂತ ಹನ್ನೊಂದು ವರ್ಷದಿಂದ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮಸ್ಕತ್‌ನವನು ಆ ಹೊತ್ತಿಗೆ ಸರಿಯಾಗಿ ಇಡ್ಲಿ ಫೋಟೋ ಹಾಕಿದ.

ಮಧ್ಯಾಹ್ನ ದೊಡ್ಡಪ್ಪ ಆಜ್ಞೆ ಹೊರಡಿಸಿದರು. ‘ಇನ್ನು ಮುಂದೆ ಈ ಗುಂಪಿನಲ್ಲಿ ಧರ್ಮದ ವಿಷಯ ಬೇಡ.’ ಎಲ್ಲರೂ ಹೆಬ್ಬೆರಳು ಎತ್ತಿದರು, ಅತ್ತೆಯೂ.

ಸಂಜೆ ಐದಕ್ಕೆ ಮತ್ತೆ ಫೋನ್ ಸದ್ದು ಮಾಡಿತು. ಈ ಸಲ ದೊಡ್ಡಮ್ಮ. ಬೆಳಗ್ಗೆಯಿಂದ ಮಗಳ ಮನೆಯಲ್ಲಿ ಮೊಮ್ಮಗುವಿನ ಜೊತೆ ಇದ್ದರಂತೆ, ಗುಂಪು ತೆರೆದೇ ಇರಲಿಲ್ಲ. ಹುಟ್ಟುವ ಸೂರ್ಯ, ಬಸವಣ್ಣನವರು, ಹಳದಿ ಅಕ್ಷರ.

‘ಭಜನೆ ಗುಂಪಲ್ಲಿ ಬಂತು. ಎಷ್ಟು ಚೆನ್ನಾಗಿದೆ ಅಲ್ವಾ? ಎಲ್ರೂ ಓದಿ.’