ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಮೂರೂ ಸರದಿ ಮೇಲೆ ಪಾಸ್‌ವರ್ಡ್ ಕೇಳುತ್ತಿವೆ, ಏನು ಮಾಡಲಿ?

ಪ್ರಶ್ನೆ:
ಸರ್, ನಮಸ್ತೆ. ತಲೆ ಕೆಟ್ಟು ಬರೆಯುತ್ತಿದ್ದೇನೆ. ನನ್ನ ಹತ್ತಿರ ಒಂದು ಫೋನ್, ಒಂದು ಟ್ಯಾಬ್, ಒಂದು ಲ್ಯಾಪ್‌ಟಾಪ್ ಇವೆ. ಮೂರಕ್ಕೂ ಒಂದೇ ಮೇಲ್ ಅಕೌಂಟ್. ಮೂರು ವಾರದಿಂದ ಮೂರೂ ಸರದಿ ಮೇಲೆ ಪಾಸ್‌ವರ್ಡ್ ಕೇಳುತ್ತಿವೆ. ಬೆಳಿಗ್ಗೆ ಫೋನ್‌ಗೆ ಹಾಕಿದರೆ ಮಧ್ಯಾಹ್ನ ಟ್ಯಾಬ್ ಕೇಳುತ್ತದೆ. ಟ್ಯಾಬ್‌ಗೆ ಹಾಕಿದರೆ ಸಂಜೆ ಲ್ಯಾಪ್‌ಟಾಪ್ ಕಾಯುತ್ತಿರುತ್ತದೆ. ಕಣ್ಣಿನ ಗುರುತು ಒತ್ತಿ ಒಂದೊಂದೇ ಅಕ್ಷರ ನೋಡಿ ಹಾಕುತ್ತೇನೆ. ಆದರೂ 'ತಪ್ಪು ಪಾಸ್‌ವರ್ಡ್' ಅಂತ ಬರುತ್ತದೆ. 'ಮರೆತಿರಾ' ಒತ್ತಿ ಹೊಸದು ಮಾಡಿದೆ. ಒಂದು ದಿನ ತೆಪ್ಪಗಿತ್ತು, ಮತ್ತೆ ಶುರು. ಹೀಗೆ ಐದು ಸಲ ಬದಲಾಯಿಸಿದ್ದೇನೆ. ನನ್ನದೇ ಫೋನ್‌ಗೆ ನಾನು ಯಾರು ಅಂತ ದಿನಕ್ಕೆ ಹತ್ತು ಸಲ ಹೇಳಬೇಕಾ? ಯಾರಾದರೂ ಹ್ಯಾಕ್ ಮಾಡಿರಬಹುದಾ? ಎಲ್ಲ ಫಾರ್ಮ್ಯಾಟ್ ಮಾಡಿಬಿಡಲಾ?

ಉತ್ತರ:
ಮೇಡಂ, ಫಾರ್ಮ್ಯಾಟ್ ಬೇಡ. ಆರನೇ ಸಲ ಪಾಸ್‌ವರ್ಡ್ ಬದಲಾಯಿಸುವುದಂತೂ ಬೇಡವೇ ಬೇಡ.

ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು 'ಒಂದು ದಿನ ತೆಪ್ಪಗಿತ್ತು, ಮತ್ತೆ ಶುರು' ಅನ್ನುವಲ್ಲಿ. ಅಕೌಂಟ್ ಕದ್ದವನು ಸಾಮಾನ್ಯವಾಗಿ ಇಷ್ಟು ಗಲಾಟೆ ಮಾಡುವುದಿಲ್ಲ. ಪಾಸ್‌ವರ್ಡ್ ತಾನೇ ಬದಲಾಯಿಸಿ ನಿಮ್ಮನ್ನು ಹೊರಗೆ ಹಾಕುತ್ತಾನೆ, ಇಲ್ಲವೇ ಸದ್ದಿಲ್ಲದೆ ಮೇಲ್ ಓದಿಕೊಂಡು ಇರುತ್ತಾನೆ. ನಿಮ್ಮದೇ ಯಾವುದೋ ಡಿವೈಸ್ ಹಳೇ ಪಾಸ್‌ವರ್ಡ್ ಹಿಡಿದುಕೊಂಡು ಬಾಗಿಲು ಬಡಿಯುತ್ತಿದೆ ಅಂತ ನನ್ನ ಅನುಮಾನ.

ಒಮ್ಮೆ ಲಾಗಿನ್ ಆದ ಮೇಲೆ ಡಿವೈಸ್ ಪ್ರತಿ ಸಲ ಪಾಸ್‌ವರ್ಡ್ ಕಳಿಸುವುದಿಲ್ಲ. ಮೇಲ್ ಸೇವೆಯ ಕಂಪ್ಯೂಟರ್, ಅಂದರೆ ಸರ್ವರ್, ಅದಕ್ಕೊಂದು ಟೋಕನ್ ಕೊಟ್ಟಿರುತ್ತದೆ, ಬಸ್ ಪಾಸ್ ಇದ್ದ ಹಾಗೆ. ಅದನ್ನೇ ತೋರಿಸಿ ಒಳಗೆ ಹೋಗುತ್ತದೆ. ನೀವು ಪಾಸ್‌ವರ್ಡ್ ಬದಲಾಯಿಸಿದ ತಕ್ಷಣ ಹಳೇ ಟೋಕನ್‌ಗಳು ಹೆಚ್ಚುಕಮ್ಮಿ ಎಲ್ಲವೂ ರದ್ದಾಗುತ್ತವೆ. ಬೇಕಂತಲೇ ಹಾಗೆ ಮಾಡಿದ್ದಾರೆ. ಫೋನ್ ಕಳೆದುಹೋದಾಗ ನಮ್ಮನ್ನು ಕಾಯುವುದೇ ಇದು. ಆದರೆ ನಿಮಗೆ ಒಂದು ಬದಲಾವಣೆ ಅಂದರೆ ಮೂರು ಹೊಸ ಲಾಗಿನ್. ಐದು ಸಲಕ್ಕೆ ಹದಿನೈದು.

ಹಳೇ ಮೇಲ್ ಆ್ಯಪ್‌ಗಳದ್ದು ಬೇರೆ ರೀತಿ. ಅವುಗಳಲ್ಲಿ ಎಷ್ಟೋ ಟೋಕನ್ ಗೊಡವೆಗೆ ಹೋಗದೆ, ಪಾಸ್‌ವರ್ಡನ್ನೇ ಒಳಗೆ ಇಟ್ಟುಕೊಂಡು ಮೇಲ್ ನೋಡುವಾಗಲೆಲ್ಲ ಅದನ್ನೇ ಕಳಿಸುತ್ತವೆ. ಹದಿನೈದು ನಿಮಿಷಕ್ಕೊಮ್ಮೆ ಮೇಲ್ ನೋಡುವ ಸೆಟ್ಟಿಂಗ್ ಇದ್ದರೆ ದಿನಕ್ಕೆ 96 ಸಲ. ನೀವು ಬದಲಾಯಿಸಿದ್ದು ಅದಕ್ಕೇನು ಗೊತ್ತು, ಪಾಪ. ಸರ್ವರ್‌ಗೆ ಕಾಣುವುದು ಯಾರೋ ಬಿಡದೆ ತಪ್ಪು ಪಾಸ್‌ವರ್ಡ್ ಹಾಕುತ್ತಿದ್ದಾರೆ ಅಂತ. ಅದು ಸ್ವಲ್ಪ ಹೊತ್ತು ಅಕೌಂಟಿಗೆ ಬೀಗ ಹಾಕುತ್ತದೆ. ಆಗ ನೀವು ಸರಿಯಾದದ್ದು ಹಾಕಿದರೂ ಒಪ್ಪುವುದಿಲ್ಲ. ಬೀಗ ಬಿದ್ದಿದೆ ಅಂತಲೂ ಎಷ್ಟೋ ಸರ್ವರ್‌ಗಳು ಬಿಡಿಸಿ ಹೇಳುವುದಿಲ್ಲ, ಕಳ್ಳನಿಗೆ ಸುಳಿವು ಸಿಗಬಾರದಲ್ಲ. ನಿಮಗೆ ಅದೇ 'ತಪ್ಪು ಪಾಸ್‌ವರ್ಡ್' ಕಾಣುತ್ತದೆ. ನೀವು ರೀಸೆಟ್ ಮಾಡಿದಾಗ ಬೀಗ ಬಿಡುತ್ತದೆ, ಒಂದು ದಿನ ಆರಾಮ. ಅಷ್ಟರಲ್ಲಿ ಆ ಹಳೇ ಆ್ಯಪ್ ಮತ್ತೆ ಬಡಿಯಲು ಶುರು ಮಾಡಿರುತ್ತದೆ.

ಹಾಗಾಗಿ ಮೊದಲು ನೆನಪು ಮಾಡಿಕೊಳ್ಳಿ, ಈ ಮೂರು ಬಿಟ್ಟು ನಾಲ್ಕನೆಯದು ಎಲ್ಲಾದರೂ ಇದೆಯಾ? ಡ್ರಾಯರ್‌ನಲ್ಲಿ ಬಿದ್ದಿರುವ ಫೋನ್, ಮನೆಯವರಿಗೆ ದಾಟಿಸಿದ ಟ್ಯಾಬ್, ಅಂಥದ್ದು. ಮತ್ತೆ, ಇನ್ನು ನಾಲ್ಕು ದಿನ ಪಾಸ್‌ವರ್ಡ್ ಬಾಕ್ಸ್ ಬಂದಾಗ ಟೈಪ್ ಮಾಡುವ ಮುಂಚೆ ಅದನ್ನು ಓದಿ. ಯಾವ ಆ್ಯಪ್ ಕೇಳುತ್ತಿದೆ, ಯಾವ ಅಕೌಂಟಿನದು ಕೇಳುತ್ತಿದೆ, ಎಷ್ಟು ಗಂಟೆ, ಒಂದು ಹಾಳೆಯಲ್ಲಿ ಬರೆದಿಡಿ. ಸಪೋರ್ಟ್ ಕೆಲಸದಲ್ಲಿ ಇಷ್ಟು ವರ್ಷ ಇದ್ದೇನೆ, 'ಪಾಸ್‌ವರ್ಡ್ ಕೇಳ್ತಿದೆ' ಅನ್ನುವವರಿಗೆ 'ಯಾವುದರದ್ದು?' ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಮನೆಯಲ್ಲಿ ನಾನೂ ಹಾಗೇ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಸರ್. ನಾನು ಬೆರಳಚ್ಚು ಇಟ್ಟಿದ್ದೇನೆ. ಆದರೂ ಮೂರ್ನಾಲ್ಕು ದಿನಕ್ಕೊಮ್ಮೆ ಪಿನ್ ಹಾಕು ಅನ್ನುತ್ತದೆ. ಹಾಗಾದರೆ ಬೆರಳಚ್ಚು ಯಾಕೆ ಬೇಕಿತ್ತು?

ಉತ್ತರ:
ಅದು ಫೋನಿನ ಸ್ವಂತ ಬೀಗ, ಮೇಡಂ ಅವರ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಆಂಡ್ರಾಯ್ಡ್ ಆದರೆ ಬೆರಳಚ್ಚು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ 72 ಗಂಟೆಗೊಮ್ಮೆ ಪಿನ್ ಕೇಳುತ್ತದೆ. ನಿಮ್ಮ 'ಮೂರ್ನಾಲ್ಕು ದಿನ' ಅದೇ ಇರಬೇಕು. ಐಫೋನ್ ರೀಸ್ಟಾರ್ಟ್ ಆದ ಮೇಲೆ ಕೇಳುತ್ತದೆ, 48 ಗಂಟೆ ತೆರೆಯದೇ ಇದ್ದರೆ ಕೇಳುತ್ತದೆ, ಮುಖ ಅಥವಾ ಬೆರಳು ಐದು ಸಲ ಹೊಂದದೇ ಹೋದರೂ ಕೇಳುತ್ತದೆ. ಇನ್ನೂ ಒಂದು ವಿಚಿತ್ರ ನಿಯಮ ಇದೆ. ಆರೂವರೆ ದಿನ ಪಾಸ್‌ಕೋಡ್ (ಐಫೋನ್‌ನಲ್ಲಿ ಪಿನ್‌ಗೆ ಹೀಗನ್ನುತ್ತಾರೆ) ಹಾಕೇ ಇಲ್ಲ, ಜೊತೆಗೆ ಕಳೆದ ನಾಲ್ಕು ಗಂಟೆಯಲ್ಲಿ ಮುಖ ಅಥವಾ ಬೆರಳಿನಿಂದ ತೆರೆದೂ ಇಲ್ಲ ಅಂದರೆ ಪಾಸ್‌ಕೋಡ್ ಬೇಕು. ಬೆಳಿಗ್ಗೆ ಎದ್ದು ಫೋನ್ ಎತ್ತಿಕೊಂಡಾಗಲೇ ಇದು ಜಾಸ್ತಿ ಆಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ನಿದ್ದೆ ನಾಲ್ಕು ಗಂಟೆ ದಾಟಿರುತ್ತದೆ.

ಫೋನಿನೊಳಗಿನ ಡೇಟಾವನ್ನು ಗೂಢಲಿಪಿ ಮಾಡಿಟ್ಟಿರುತ್ತಾರೆ. ಅದನ್ನು ಬಿಡಿಸುವ ಕೀಲಿ ನಿಮ್ಮ ಪಿನ್ ಸೇರಿದಾಗ ಮಾತ್ರ ಸಿಗುತ್ತದೆ. ಬೆರಳಚ್ಚು ಆಮೇಲಿನ ಒಳದಾರಿ ಅಷ್ಟೇ. ಇದನ್ನು ನಿಲ್ಲಿಸುವ ಸೆಟ್ಟಿಂಗ್ ಹುಡುಕಿ ಸಮಯ ಕಳೆಯಬೇಡಿ.

ಮೊದಲ ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ:
ಸರ್, ಸಿಕ್ಕಿತು! ನನ್ನ ಹಳೇ ಫೋನ್. ಮಗಳು ಹಾಡು ಕೇಳುವುದಕ್ಕೆ ಇಟ್ಟುಕೊಂಡಿದ್ದಾಳೆ. ಸಿಮ್ ಇಲ್ಲ, ವೈಫೈ ಇದೆ. ದಿನಾ ರಾತ್ರಿ ಚಾರ್ಜ್ ಬೇರೆ ಹಾಕುತ್ತಾಳೆ. ಅದರ ಮೇಲ್ ಆ್ಯಪ್‌ನಲ್ಲಿ ನನ್ನ ಅಕೌಂಟ್ ಹಾಗೇ ಇತ್ತು, ಮೇಲೆ ಒಂದು ಕೆಂಪು ಗುರುತು. 'ಅದು ಯಾವಾಗಲೂ ಇರುತ್ತಮ್ಮಾ' ಅಂದಳು. ಆದರೆ ಅಕೌಂಟಿನ ಡಿವೈಸ್ ಪಟ್ಟಿಯಲ್ಲಿ ಆ ಫೋನ್ ಇಲ್ಲವೇ ಇಲ್ಲ, ಯಾಕೆ?

ಹಾಳೆಯಲ್ಲಿ ಒಟ್ಟು 23 ಸಾಲು ಆಗಿದೆ. ಹದಿನಾಲ್ಕು ಮೇಲ್ ಅಕೌಂಟಿನದೇ. ಏಳು ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ, ಪ್ರತಿ ದಿನ ಬೆಳಿಗ್ಗೆ, ಬೇರೆ ಬೇರೆ ಸೈಟ್‌ಗಳಲ್ಲಿ. ಇನ್ನೆರಡು ಟ್ಯಾಬ್‌ನ ಲಾಕ್ ಪಿನ್. ನಿಜ ಹೇಳಬೇಕೆಂದರೆ ಅದನ್ನೂ ಇಷ್ಟು ದಿನ ಇದೇ ಲೆಕ್ಕಕ್ಕೆ ಹಾಕಿ ಬೈಯುತ್ತಿದ್ದೆ.

ಉತ್ತರ:
ಹಾಳೆ ಭೇಷ್. ಇಷ್ಟು ವಿವರ ನನಗೆ ಸುಲಭಕ್ಕೆ ಸಿಗುವುದಿಲ್ಲ.

ಆ ಪಟ್ಟಿ ಇರುವುದು ಒಳಗೆ ಬಂದವರದ್ದು. ನಿಮ್ಮ ಹಳೇ ಫೋನ್ ಒಳಗೆ ಬಂದೇ ಇಲ್ಲ, ಹೊರಗೆ ನಿಂತು ಬಡಿಯುತ್ತಿದೆ. 'ಇತ್ತೀಚಿನ ಸೈನ್ ಇನ್ ಚಟುವಟಿಕೆ' ಅಂತ ಬೇರೆ ಪುಟ ಹಲವು ಸೇವೆಗಳಲ್ಲಿ ಇರುತ್ತದೆ. ಸೋತ ಪ್ರಯತ್ನಗಳು ಕಂಡರೆ ಅಲ್ಲಿ ಕಾಣುತ್ತವೆ.

ಈಗ ಹಳೇ ಫೋನ್‌ನಿಂದ ಅಕೌಂಟನ್ನು ತೆಗೆದುಹಾಕಿ. ಆ್ಯಪ್ ಡಿಲೀಟ್ ಮಾಡಿದರೆ ಸಾಲದು, ಸೆಟ್ಟಿಂಗ್ಸ್ ಒಳಗೆ ಅಕೌಂಟ್ಸ್ ಅಂತ ಇರುವಲ್ಲಿ ಹೋಗಿ ತೆಗೆಯಬೇಕು. ಹಾಡು ಉಳಿಯುತ್ತದೆ, ಹೆದರಬೇಡಿ ಅಂತ ಮಗಳಿಗೆ ಹೇಳುವ ಮುಂಚೆ ಮಾತ್ರ ಹಾಡಿನ ಆ್ಯಪ್ ಇದೇ ಅಕೌಂಟಿನಲ್ಲಿ ಇದೆಯಾ ನೋಡಿ. ಆಮೇಲೆ ಕೆಲವು ಗಂಟೆ ಯಾವುದರಲ್ಲೂ ಪಾಸ್‌ವರ್ಡ್ ಹಾಕದೆ ಸುಮ್ನೆ ಬಿಡಿ. ಬೀಗ ತಾನಾಗಿ ಬಿಡಲಿ. ಕೊನೆಯ ಸಲ ಇಟ್ಟ ಪಾಸ್‌ವರ್ಡ್ ಗೊತ್ತಿದ್ದರೆ ಅದೇ ಇರಲಿ, ಹೊಸದು ಬೇಡ.

ಹಾಕುವಾಗ ಒಂದು ಎಚ್ಚರ. ಐದು ಸಲ ಬದಲಾಯಿಸಿದ್ದೀರಲ್ಲ, ಬ್ರೌಸರ್ ನೆನಪಿನಲ್ಲಿ ಹಳೇದು ಯಾವುದೋ ಕೂತಿರುತ್ತದೆ. ಅದು ತಾನೇ ತುಂಬುತ್ತದೆ, ನಿಮಗೆ ಕಾಣುವುದು ಬರೀ ಚುಕ್ಕಿಗಳು. ಸೇವ್ ಆದ ಪಾಸ್‌ವರ್ಡ್ ಪಟ್ಟಿಗೆ ಹೋಗಿ ಈ ಅಕೌಂಟಿನ ಹಳೆಯವನ್ನೆಲ್ಲ ಅಳಿಸಿ. ಇನ್ನು ಫೋನ್‌ನಲ್ಲಿ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದುಂಟು, ಅದೂ ಒಂದು ಅಕ್ಷರವೇ. ಕೀಬೋರ್ಡ್ ಕನ್ನಡದಲ್ಲಿದ್ದರೆ ಅಂಕಿ ನೋಡಿಕೊಳ್ಳಿ. ನಮಗೆ ೧ ಮತ್ತು 1 ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ.

ಲ್ಯಾಪ್‌ಟಾಪ್‌ನ ಆ ಏಳು ಸಾಲು ಬೇರೆ ರೋಗ. ಬೆಳಿಗ್ಗೆ ಮಾತ್ರ, ಎಲ್ಲ ಸೈಟ್‌ಗಳೂ ಕೇಳುತ್ತವೆ ಅಂದರೆ ಬ್ರೌಸರ್ ಮುಚ್ಚಿದಾಗ ಕುಕಿಗಳು, ಅಂದರೆ ನಿಮ್ಮ ಗುರುತಿಗೆ ಸೈಟ್‌ಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಚೀಟಿಗಳು, ಅಳಿಸಿಹೋಗುತ್ತಿವೆ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಕುಕಿ ತಂದದ್ದೇ ಸೈಟ್‌ಗಳಿಗೆ ಈ ಮರೆವು ಇದ್ದದ್ದಕ್ಕೆ. ಪ್ರತಿ ಪುಟ ತೆರೆದಾಗಲೂ ಸೈಟ್ ನಿಮ್ಮನ್ನು ಹೊಸಬರ ಹಾಗೆ ನೋಡುತ್ತಿತ್ತು. ಈಗ ಲಾಗಿನ್ ನೆನಪೆಲ್ಲ ಹೆಚ್ಚಾಗಿ ಕುಕಿಯಲ್ಲೇ ಇರುತ್ತದೆ. ಅದನ್ನು ಅಳಿಸಿದರೆ ಎಲ್ಲ ಸೈಟ್‌ಗೂ ನೀವು ಮತ್ತೆ ಅಪರಿಚಿತರು. ಬ್ರೌಸರ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ 'ಮುಚ್ಚುವಾಗ ಅಳಿಸು' ಅನ್ನುವುದು ಆನ್ ಇದೆಯಾ, ಇಲ್ಲಾ ಯಾವುದಾದರೂ ಕ್ಲೀನರ್ ಆ್ಯಪ್ ಹಾಕಿದ್ದೀರಾ ನೋಡಿ. 'ಕಂಪ್ಯೂಟರ್ ಫಾಸ್ಟ್ ಆಗುತ್ತೆ' ಅಂತ ಯಾರೋ ಹಾಕಿಕೊಟ್ಟಿರುತ್ತಾರೆ. ಈ ಕ್ಲೀನರ್‌ಗಳ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ:
ನಮ್ಮ ಲ್ಯಾಪ್‌ಟಾಪ್‌ನಲ್ಲಿ ಹಳೇ ಮೇಲ್ ಸಾಫ್ಟ್‌ವೇರ್ ಇದೆ. ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ನಡೆಯುತ್ತದೆ, ಇದರಲ್ಲಿ ಮಾತ್ರ ನಡೆಯುವುದಿಲ್ಲ. ಬೀಗ ಬಿದ್ದಿದ್ದರೆ ಬ್ರೌಸರ್‌ನಲ್ಲೂ ಬರಬಾರದಲ್ವಾ?

ಉತ್ತರ:
ಸರಿಯಾಗಿ ಹಿಡಿದಿರಿ. ಇದು ಬೀಗದ ಕಥೆ ಅಲ್ಲ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಮೇಲ್ ಎಳೆಯುವ ಹಳೇ ಪದ್ಧತಿಯನ್ನೇ ದೊಡ್ಡ ಸೇವೆಗಳು ನಿಲ್ಲಿಸಿವೆ. ಮೈಕ್ರೋಸಾಫ್ಟ್ ತನ್ನ ವೈಯಕ್ತಿಕ ಔಟ್‌ಲುಕ್, ಹಾಟ್‌ಮೇಲ್ ಅಕೌಂಟ್‌ಗಳಿಗೆ 2024ರ ಸೆಪ್ಟೆಂಬರ್ 16ರಿಂದ ಹೀಗೆ ಮಾಡಿತು. ನಿಮ್ಮ ಸಾಫ್ಟ್‌ವೇರ್‌ಗೆ ಟೋಕನ್ ಪಡೆಯುವ ಹೊಸ ರೀತಿ ಗೊತ್ತಿಲ್ಲ. ಸರ್ವರ್ ಬೇಡ ಅಂದಾಗ ಅದಕ್ಕೆ ಬರುವ ಒಂದೇ ಮಾತು 'ಪಾಸ್‌ವರ್ಡ್ ಹಾಕಿ'. ನೂರು ಸಲ ಹಾಕಿದರೂ ಅಷ್ಟೇ. ಸಾಫ್ಟ್‌ವೇರ್ ಹೊಸದು ಮಾಡಿಕೊಳ್ಳಿ.

ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ ಹಳೇ ಸಾಫ್ಟ್‌ವೇರ್‌ಗೆಂದೇ 16 ಅಕ್ಷರದ 'ಆ್ಯಪ್ ಪಾಸ್‌ವರ್ಡ್' ಅಂತ ತೆಗೆದುಕೊಳ್ಳಬಹುದು. ಆದರೆ ನಿಮ್ಮ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಅದೂ ರದ್ದಾಗುತ್ತದೆ. ನಾನು ಪದೇಪದೇ ಬದಲಾಯಿಸಬೇಡಿ ಅಂತ ಬಡಿದುಕೊಳ್ಳುವುದು ಇಂಥದ್ದಕ್ಕೇ.

ಅದೇ ಸದಸ್ಯರು:
ಆದರೆ ಮೂರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ ಸರ್?

ಉತ್ತರ:
ಹೇಳುತ್ತಿದ್ದರು. ಆ ಸಲಹೆ ಗಟ್ಟಿಯಾದದ್ದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ತಂದ ಕೈಪಿಡಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಅಂದರು. ಅದೇ ವರ್ಷ ನಿಸ್ಟ್ ಕೂಡ ಸುಮ್ಮಸುಮ್ಮನೆ ಅವಧಿ ಹಾಕಿ ಬದಲಾಯಿಸಲು ಒತ್ತಾಯ ಮಾಡಬೇಡಿ ಅಂತ ಹೊಸ ನಿಯಮದಲ್ಲಿ ಬರೆಯಿತು. ಒತ್ತಾಯ ಮಾಡಿದರೆ ಜನ ಏನು ಮಾಡುತ್ತಾರೆ? ಕೊನೆಯ 1 ತೆಗೆದು 2 ಹಾಕುತ್ತಾರೆ. ಸೋರಿಕೆ ಆಗಿದೆ ಅಂತ ಗೊತ್ತಾದರೆ, ಬೇರೆಯವರ ಕಣ್ಣಿಗೆ ಬಿದ್ದಿದ್ದರೆ ಬದಲಾಯಿಸಿ. ಅಷ್ಟು ಸಾಕು.

ಇನ್ನೊಬ್ಬರು:
ದಿನಾ ಇಷ್ಟು ಬಾಕ್ಸ್ ಬಂದರೆ ನಡುವೆ ಒಂದು ನಕಲಿ ಬಂದರೂ ಗೊತ್ತಾಗುವುದಿಲ್ಲ, ಅಲ್ವಾ?

ಉತ್ತರ:
ನನಗೂ ಅದೇ ಭಯ. ಕೇಳಿ ಕೇಳಿ ಅಭ್ಯಾಸವಾದ ಕೈ ನೋಡದೆ ಟೈಪ್ ಮಾಡುತ್ತದೆ. 2017ರಲ್ಲಿ ಒಬ್ಬ ಡೆವಲಪರ್ ಐಫೋನ್‌ನ ಪಾಸ್‌ವರ್ಡ್ ಬಾಕ್ಸನ್ನು ಯಾವ ಆ್ಯಪ್ ಬೇಕಾದರೂ ಹಾಗೇ ನಕಲು ಮಾಡಬಹುದು ಅಂತ ತೋರಿಸಿದ್ದರು. ಅವರೇ ಒಂದು ಉಪಾಯ ಹೇಳಿದ್ದರು. ಬಾಕ್ಸ್ ಬಂದಾಗ ಹೋಮ್‌ಗೆ ಹೋಗಿ. ಆ್ಯಪ್ ಜೊತೆ ಬಾಕ್ಸ್ ಕೂಡ ಮಾಯವಾದರೆ ಅದು ಆ್ಯಪ್ ತೋರಿಸಿದ್ದು, ಅನುಮಾನಪಡಿ. ಇನ್ನೂ ಸುಲಭದ್ದು ಬೇಕಾ? ಬಾಕ್ಸನ್ನು ರದ್ದು ಮಾಡಿ, ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ನಿಜವಾಗಿ ಬೇಕಿದ್ದರೆ ಅಲ್ಲೂ ಕೇಳುತ್ತದೆ. ಮೆಸೇಜ್‌ನಲ್ಲಿ ಬಂದ ಲಿಂಕ್ ಒತ್ತಿ ಮಾತ್ರ ಎಲ್ಲೂ ಹಾಕಬೇಡಿ. 'ಲಾಗಿನ್ ಮಾಡುತ್ತಿರುವುದು ನೀವೇನಾ?' ಅಂತ ಫೋನ್ ಕೇಳಿದಾಗ ನೀವು ಏನೂ ಮಾಡುತ್ತಿಲ್ಲ ಅಂದರೆ 'ಅಲ್ಲ' ಒತ್ತಿ. ಹತ್ತು ಸಲ ಕೇಳಿದರೂ 'ಅಲ್ಲ'. ಅದು ಬಂದಿದೆ ಅಂದರೆ ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಯಲ್ಲಿ ಇರಬಹುದು, ಆಗ ಖಂಡಿತ ಬದಲಾಯಿಸಿ.

ಪಾಸ್‌ವರ್ಡ್ ಬದಲು ಪಾಸ್‌ಕೀ ಮಾಡಿಕೊಳ್ಳುತ್ತೀರಾ ಅಂತ ಸೈಟ್ ಕೇಳಿದರೆ ಒಪ್ಪಿಕೊಳ್ಳಿ ಅಂತಲೂ ಹೇಳಿಬಿಡುತ್ತೇನೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಇದಕ್ಕೆ ಕೈ ಜೋಡಿಸಿದವು. ಟೈಪ್ ಮಾಡುವುದು ಏನೂ ಇಲ್ಲ, ಬೆರಳೋ ಮುಖವೋ ಸಾಕು. ನಕಲಿ ಸೈಟ್‌ಗೆ ಅದು ಹೋಗುವುದೂ ಇಲ್ಲ, ಯಾವ ಸೈಟ್‌ಗೆ ಮಾಡಿದ್ದೋ ಅಲ್ಲಿ ಮಾತ್ರ ನಡೆಯುತ್ತದೆ.

ಮೊದಲ ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ:
ಸರ್, ಮೇಲ್ ಅಕೌಂಟ್ ಒಂದು ಸಲವೂ ಕೇಳಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕ್ಲೀನರ್ ಇತ್ತು, ತೆಗೆದೆ. ಇವತ್ತು ಬೆಳಿಗ್ಗೆ ಫೋನ್ ಕೇಳಿತು, ಎದೆ ಧಸಕ್ ಅಂತು. ಓದಿ ನೋಡಿದೆ. ರಾತ್ರಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗಿತ್ತು, ಲಾಕ್ ಪಿನ್ ಅಷ್ಟೇ. ಹಾಕಿದೆ, ಮುಗಿಯಿತು. ಆ ಐದು ಪಾಸ್‌ವರ್ಡ್ ಬರೆದಿದ್ದ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ದೆ. ಏನು ಮಾಡಲಿ?

ಉತ್ತರ:
ಫ್ರಿಜ್ ಮೇಲಾ? ಇದನ್ನು ಮೊದಲೇ ಹೇಳಬಾರದಿತ್ತಾ ಮೇಡಂ! ಸಣ್ಣ ಚೂರು ಮಾಡಿ ಹರಿದು ಹಾಕಿ. ಈಗ ನಡೆಯುತ್ತಿರುವುದನ್ನು ಮೊದಲು ಪಾಸ್‌ವರ್ಡ್ ಮ್ಯಾನೇಜರ್‌ಗೆ (ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಆ್ಯಪ್) ಸೇರಿಸಿಕೊಳ್ಳಿ, ಆಮೇಲೆ ಹರಿಯಿರಿ. ಮನೆಗೆ ಬಂದುಹೋದವರೆಲ್ಲ ಅದನ್ನು ನೋಡಿರುತ್ತಾರೆ. ಹಾಗಾಗಿ, ಇಷ್ಟೆಲ್ಲ ಬೇಡ ಬೇಡ ಅಂದವನು ನಾನೇ, ಆದರೆ ಪಾಸ್‌ವರ್ಡ್ ಇನ್ನೊಂದು ಸಲ ಬದಲಾಯಿಸಿ. ಮೂರೂ ಡಿವೈಸ್ ಎದುರಿಗೆ ಇಟ್ಟುಕೊಂಡು, ಒಂದೇ ಕೂತಿನಲ್ಲಿ ಮೂರಕ್ಕೂ ಹಾಕಿ ಮುಗಿಸಿ.