ಕೌಂಟರಿನ ಬಿಲ್ಲಿಂಗ್ ಪರದೆ ನಿಂತುಬಿಡುತ್ತದೆ: ಟೈಮ್‌ಔಟ್ ಎಷ್ಟಿರಬೇಕು?

ಪ್ರಶ್ನೆ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ನಮ್ಮದು ಗೊಬ್ಬರದ ಅಂಗಡಿ. ಬಿಲ್ಲಿಂಗ್ ಕಂಪ್ಯೂಟರು ಇಲ್ಲಿದ್ದು, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಸರ್ವರು ಕುಶಾಲನಗರದ ಗೋದಾಮಿನಲ್ಲಿದೆ, ಎರಡರಲ್ಲೂ ಲಿನಕ್ಸ್. ಬೆಳಿಗ್ಗೆ ಪ್ರೋಗ್ರಾಮ್ ತೆರೆದರೆ ಗಡಿಯಾರ ಹಿಡಿದಂತೆ ಐದು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಸಲೀಸಾಗಿ ಓಡುತ್ತದೆ. ಮಳೆಗೆ ಗೋದಾಮಿನ ಲೈನ್ ಸತ್ತಿದ್ದರೆ ‘ಸಂಪರ್ಕ ಸಿಗಲಿಲ್ಲ’ ಎಂಬ ಸಂದೇಶ ಬರಲು ಎರಡು ನಿಮಿಷದ ಮೇಲಾಗುತ್ತದೆ. ಊಟ ಮುಗಿಸಿ ಬಂದು ಮೊದಲ ಬಿಲ್ ಉಳಿಸಲು ಹೋದರೆ ಪರದೆ ಕಲ್ಲಿನಂತೆ ನಿಲ್ಲುತ್ತದೆ. ಜೀಪು ನಿಲ್ಲಿಸಿ ಬಂದ ತೋಟದವರು ನನ್ನ ಮುಖ ನೋಡುತ್ತಾರೆ. ಎಲ್ಲ ಟೈಮ್‌ಔಟ್‌ಗಳನ್ನೂ (ಉತ್ತರಕ್ಕಾಗಿ ಕಾಯುವ ಗಡುವುಗಳನ್ನು) ಒಂದು ಸೆಕೆಂಡಿಗೆ ಇಳಿಸಿಬಿಡಬಹುದೇ?

ಉತ್ತರ (ಮಡಿಕೇರಿ)

ದಯವಿಟ್ಟು ಹಾಗೆ ಮಾಡಬೇಡಿ. ನೀವು ಹೇಳಿದ ಮೂರೂ ಬೇರೆ ಬೇರೆ ಕಾಯುವಿಕೆಗಳು.

ಐದು ಸೆಕೆಂಡು ಎಂದರೆ ಬಹುಮಟ್ಟಿಗೆ ಡಿಎನ್ಎಸ್, ಅಂದರೆ ಸರ್ವರಿನ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕುವ ವ್ಯವಸ್ಥೆ: ಅದನ್ನು ಯಾರಲ್ಲಿ ಕೇಳಬೇಕೆಂದು ಬರೆದಿಟ್ಟ ರಿಸಾಲ್ವ್ ಕಾನ್ಫ್ ಕಡತದಲ್ಲಿರುವ ಮೊದಲ ವಿಳಾಸ ಉತ್ತರಿಸದಿದ್ದರೆ ಎರಡನೆಯದನ್ನು ಕೇಳುವ ಮುನ್ನ ಲಿನಕ್ಸ್ ರೂಢಿಯಂತೆ ಅಷ್ಟು ಹೊತ್ತು ಕಾಯುತ್ತದೆ. ಇಲ್ಲಿ ಟೈಮ್‌ಔಟ್ ಇಳಿಸುವುದಕ್ಕಿಂತ ಸತ್ತ ವಿಳಾಸವನ್ನು ತೆಗೆಯುವುದೇ ಮದ್ದು.

ಎರಡು ನಿಮಿಷದ ಲೆಕ್ಕ ಸ್ವಾರಸ್ಯಕರವಾಗಿದೆ. ಸಂಪರ್ಕ ಕೋರುವ ಸಿನ್ ಪ್ಯಾಕೆಟ್ಟಿಗೆ ಉತ್ತರ ಬಾರದಿದ್ದರೆ ಕರ್ನಲ್ (ಲಿನಕ್ಸಿನ ತಿರುಳು) ಆರು ಬಾರಿ ಮರುಕಳಿಸುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಪ್ರತಿ ಸಲವೂ ಕಾಯುವ ಹೊತ್ತು ದುಪ್ಪಟ್ಟಾಗಿ 1, 2, 4, 8, 16, 32, 64 ಎಂದು ಏರಿ, ಒಟ್ಟು 127 ಸೆಕೆಂಡು ಆಗುತ್ತದೆ. ಇಡೀ ಯಂತ್ರದ ಮರುಕಳಿಕೆಯನ್ನು ಮೂರಕ್ಕೆ ಇಳಿಸಿದರೆ ಇದು 15 ಸೆಕೆಂಡಿಗೆ ಬರುತ್ತದೆಯಾದರೂ, ಪೋಸ್ಟ್‌ಗ್ರೆಸ್ ಸಂಪರ್ಕದ ಸಾಲಿನಲ್ಲೇ ಕನೆಕ್ಟ್ ಟೈಮ್‌ಔಟ್ 10 ಎಂದು ಬರೆಯುವುದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಅದು ಬೇರೆ ಯಾವ ಪ್ರೋಗ್ರಾಮನ್ನೂ ಮುಟ್ಟುವುದಿಲ್ಲ.

ಊಟದ ನಂತರದ ತೊಂದರೆಗೆ ರೌಟರನ್ನು ಅನುಮಾನಿಸಿ. ಸುಮ್ಮನಿರುವ ಸಂಪರ್ಕವನ್ನು ಅದು ತನ್ನ ನ್ಯಾಟ್ ಪಟ್ಟಿಯಿಂದ (ಯಾವ ಸಂಪರ್ಕ ಯಾವ ಕಂಪ್ಯೂಟರಿನದು ಎಂಬ ದಾಖಲೆಯಿಂದ) ಅಳಿಸಿರುತ್ತದೆ, ನಿಮ್ಮ ಕಂಪ್ಯೂಟರಿಗೆ ಅದು ತಿಳಿದಿರುವುದಿಲ್ಲ. ಸಂಪರ್ಕ ಇನ್ನೂ ಇದೆಯೇ ಎಂದು ತಟ್ಟಿ ನೋಡುವ ಲಿನಕ್ಸಿನ ಕೀಪ್‌ಅಲೈವ್ ಮೊದಲ ಬಾರಿ ತಟ್ಟುವುದೇ 7200 ಸೆಕೆಂಡಿನ ಬಳಿಕ, ಅಂದರೆ ಎರಡು ಗಂಟೆ ಕಳೆದ ಮೇಲೆ. ಅದನ್ನು 60ಕ್ಕೆ ಇಳಿಸಿದರೆ ಸಂಪರ್ಕ ಜೀವಂತವಾಗಿರುತ್ತದೆ.

ಉತ್ತರ (ಗೋಣಿಕೊಪ್ಪ)

ಮೇಲಿನವರು ಹೇಳಿದ್ದು ಸರಿ. ಒಂದು ಸೆಕೆಂಡಿನ ಅಪಾಯವನ್ನು ನಾನೇ ಉಂಡಿದ್ದೇನೆ. ಮಳೆಯಲ್ಲಿ ಲೈನ್ ಸಾಯುವುದಕ್ಕಿಂತ ಕುಂಟುವುದೇ ಹೆಚ್ಚು. ಸರ್ವರು ಬಿಲ್ ಬರೆದುಕೊಂಡು ಉತ್ತರ ಕಳಿಸುವಷ್ಟರಲ್ಲಿ ನಮ್ಮ ಪ್ರೋಗ್ರಾಮ್ ತಾಳ್ಮೆಗೆಟ್ಟು ಮತ್ತೆ ಕಳಿಸಿತು. ನಾಲ್ಕು ಮೂಟೆ ಡಿಎಪಿ ಸ್ಟಾಕಿನಿಂದ ಎರಡು ಸಲ ಕಡಿತವಾಯಿತು. ಬಿಲ್ ಸಂಖ್ಯೆಯನ್ನು ಕೌಂಟರಿನಲ್ಲೇ ಕೊಟ್ಟು, ಅದೇ ಸಂಖ್ಯೆ ಎರಡನೇ ಬಾರಿ ಬಂದರೆ ಡೇಟಾಬೇಸ್ ತಿರಸ್ಕರಿಸುವಂತೆ ಮಾಡದ ಹೊರತು ತಾನಾಗಿ ಮರುಕಳಿಸುವ ವ್ಯವಸ್ಥೆಯನ್ನು ಇಡಬೇಡಿ.

ಪ್ರಶ್ನೆ ಕೇಳಿದವರು (ಸುಂಟಿಕೊಪ್ಪ)

ಇಬ್ಬರಿಗೂ ಧನ್ಯವಾದಗಳು. ಕಡತದ ಮೊದಲ ಸಾಲಿನಲ್ಲಿ ಕಳೆದ ವರ್ಷ ಸಿಡಿಲಿಗೆ ಸುಟ್ಟ ರೌಟರಿನ ವಿಳಾಸ ಇನ್ನೂ ಇತ್ತು. ಅಳಿಸಿದೆ, ಐದು ಸೆಕೆಂಡು ಹೋಯಿತು. ಕೀಪ್‌ಅಲೈವ್ 60 ಮಾಡಿದ ಮೇಲೆ ಎರಡು ದಿನ ಊಟದ ನಂತರವೂ ಬಿಲ್ ತಕ್ಷಣ ಉಳಿಯಿತು. ಕನೆಕ್ಟ್ ಟೈಮ್‌ಔಟ್ 10 ಇಟ್ಟಿದ್ದೇನೆ. ಬಿಲ್ ಸಂಖ್ಯೆಯ ಬದಲಾವಣೆ ಪ್ರೋಗ್ರಾಮ್ ಬರೆದವರ ಕೈಯಲ್ಲಿದೆ. ಅಲ್ಲಿಯವರೆಗೆ ಉಳಿಸುವ ಗುಂಡಿಯನ್ನು ಎರಡು ಸಲ ಒತ್ತಬಾರದೆಂದು ಕೌಂಟರಿನ ಹುಡುಗನಿಗೆ ಹೇಳಿದ್ದೇನೆ.