ಎರಡನೇ ಅಡ್ಡರಸ್ತೆ ನಿವಾಸಿಗಳ ಗುಂಪು: ಇಂದು ಬೆಳಿಗ್ಗೆ ಆದದ್ದು

ಮನೆ 27 (ಬೆಳಿಗ್ಗೆ 10:20): ಇನ್ನು ನನ್ನಿಂದ ಆಗುವುದಿಲ್ಲ. ನಿನ್ನೆ ರಾತ್ರಿ ಶಾಲೆಯ ನಾಟಕದ ತಾಲೀಮಿಗೆ ಬಂದವರ ಕಾರು ನಮ್ಮ ಗೇಟಿಗೆ ಅಡ್ಡ ನಿಂತು ಒಂಬತ್ತೂವರೆಯವರೆಗೆ ಕದಲಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ಮಾವನವರನ್ನು ದೇವಸ್ಥಾನದ ಮೂಲೆಯಿಂದ ಕೈಹಿಡಿದು ನಡೆಸಿಕೊಂಡು ಬಂದೆ. ಇಂದು ಅದೇ ಜಾಗದಲ್ಲಿ ಯಾರೋ ಮಗುವನ್ನು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸಿದರು. ಆ ಬಾಗಿಲು ಬಡಿದು ಸೈಕಲ್ಲಿನಲ್ಲಿದ್ದ ನನ್ನ ಮಗಳು ಬಿದ್ದಳು. ಮೊಣಕೈಗೆ ನಾಲ್ಕು ಹೊಲಿಗೆ. ಕಾರಿನವರು ‘ಸಾರಿ’ ಎಂದು ಹೊರಟೇಬಿಟ್ಟರು.

ಮನೆ 12: ನಾನು ಆರು ವರ್ಷದಿಂದ ಹೇಳುತ್ತಲೇ ಇದ್ದೇನೆ, ಯಾರೂ ಕೇಳಲಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡ ಐಆರ್‌ಸಿ 99ರ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು. ನೀವು ಚಂದಾ ಎತ್ತಿ ಹಾಕಿಸಿದ್ದು ಕಾಂಕ್ರೀಟಿನ ದಿಂಡು.

ಮನೆ 31: ಅದನ್ನು ಒಡೆಸಿದವರೂ ತಾವೇ, ಸರ್.

ಮನೆ 12: ಒಡೆಸಿದೆ. ನನ್ನ ಕಾರಿನ ತಳ ಉಜ್ಜುತ್ತಿತ್ತು. ಅವೈಜ್ಞಾನಿಕ ಉಬ್ಬು.

ಮನೆ 18: ಮೊದಲು ಮಗು ಹೇಗಿದೆ ಎಂದು ಕೇಳೋಣ. ಮೇಡಂ, ಜ್ವರ ಬಂದಿಲ್ಲವಲ್ಲ?

ಮನೆ 27: ಇಲ್ಲ. ಮಲಗಿದ್ದಾಳೆ.

ಮನೆ 9: ಒಂದು ಮಾತು. ಪಾರ್ಕ್ ಗೋಡೆಯ ಬದಿ ಉದ್ದಕ್ಕೂ ಖಾಲಿ. ಕಾರುಗಳು ಪಾರ್ಕ್ ಕಡೆಯಿಂದ ಬಂದು ಅಲ್ಲಿ ಮಕ್ಕಳನ್ನು ಎಡಬಾಗಿಲಿನಿಂದ ಇಳಿಸಿ ದೇವಸ್ಥಾನದ ಕಡೆ ಹೊರಟುಹೋಗಲಿ. ಎದುರಿನಿಂದ ಯಾರೂ ಬರಬಾರದು. 8ರಿಂದ 8:40ರವರೆಗೆ ನಾಲ್ವರು ನಿಂತರೆ ಸಾಕು. ನಾನು ಒಬ್ಬಳು.

ಮನೆ 40: ಶಾಲೆಯನ್ನೇ ಬೈಯುವುದೇಕೆ? ನಮ್ಮವರು ಪಾದಚಾರಿ ಮಾರ್ಗದಲ್ಲಿ ಕಬ್ಬಿಣದ ಬೇಲಿ ಹಾಕಿ ಗುಲಾಬಿ ಬೆಳೆಸಿದ್ದಾರೆ. ಮಕ್ಕಳು ಮತ್ತೆಲ್ಲಿ ನಡೆಯಬೇಕು?

ಮನೆ 18: ಅದು ದಾಸವಾಳ, ಗುಲಾಬಿಯಲ್ಲ. ಮಾತು ನನಗೇ ಎಂದು ಗೊತ್ತಾಗುತ್ತದೆ. ಮುನ್ನೂರು ಹೆಜ್ಜೆಗೆ ಮಗನನ್ನು ಕಾರಿನಲ್ಲಿ ಬಿಡುವವರು ಯಾರು, ಅದನ್ನೂ ಬರೆಯಿರಿ.

ಮನೆ 5: ಶುಭೋದಯ. ರಾತ್ರಿ ನೆನೆಸಿದ ಮೆಂತ್ಯದ ನೀರನ್ನು ಬರಿಹೊಟ್ಟೆಯಲ್ಲಿ ಕುಡಿದರೆ ಮಂಡಿನೋವು ಮಾಯ! ಹತ್ತು ಜನರಿಗೆ ಕಳುಹಿಸಿ.

ಮನೆ 31: ನಮ್ಮ ರಸ್ತೆಯಲ್ಲಿ ನಡೆದರೆ ಮಂಡಿಯೇ ಮಾಯ, ಅಜ್ಜ.

ಮನೆ 12: ವಿಷಯಕ್ಕೆ ಬನ್ನಿ. ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ಫೋಟೊ ಹಾಕಿ. ಕಾನೂನು ಇರುವುದು ಏತಕ್ಕೆ?

ಮನೆ 31: ಕಾನೂನು ಎಂದಿರಿ, ಸರಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಬೆಳಿಗ್ಗೆ ಏಳೂವರೆಗೆ ನೀಲಿ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ನಿಮ್ಮ ಮೊಮ್ಮಗನ ವಯಸ್ಸೆಷ್ಟು, ಸರ್?

ಮನೆ 12: ನನ್ನ ಮನೆಯ ಮಕ್ಕಳ ಸುದ್ದಿಗೆ ಬರಬೇಡಿ. ನೀವು ನಿರ್ವಹಣಾ ಶುಲ್ಕ ಕಟ್ಟಿ ಎಷ್ಟು ತಿಂಗಳಾಯಿತು?

ಕಾರ್ಯದರ್ಶಿ: ದಯವಿಟ್ಟು ವೈಯಕ್ತಿಕ ಟೀಕೆ ಬೇಡ. ಶಾಲೆಗೆ ಪತ್ರ ಬರೆಯೋಣ, ಸಹಿಗೆ ಭಾನುವಾರ ಸಭೆ.

ಮನೆ 40: ಹಿಂದಿನ ಪತ್ರದ ಸ್ವೀಕೃತಿ ಎಲ್ಲಿದೆ?

ಕಾರ್ಯದರ್ಶಿ: ಹಿಂದಿನ ಕಾರ್ಯದರ್ಶಿಯವರ ಬಳಿ.

ಮನೆ 40: ಅವರು ಮನೆ ಮಾರಿ ಹೋದರಲ್ಲ!

ಮನೆ 27 (ರಾತ್ರಿ 8:05): ನಾಳೆ 8 ಗಂಟೆಗೆ ಪಾರ್ಕ್ ಗೋಡೆಯ ಬಳಿ ಯಾರು ಯಾರು ಬರುತ್ತೀರಿ? ಮನೆ 9 ಮತ್ತು ನಾನು ಇದ್ದೇವೆ. ಇನ್ನಿಬ್ಬರು ಬೇಕು.

ಮನೆ 22: ಯಾರ ಮನೆಯಲ್ಲಾದರೂ ನೀರು ಬಂದಿದೆಯೇ? ನಮ್ಮ ಸಂಪು ತಳ ಕಂಡಿದೆ.

ಮನೆ 18: ನಮ್ಮಲ್ಲೂ ಇಲ್ಲ. ಮೋಟಾರು ಮತ್ತೆ ಸುಟ್ಟಿತೇ?

ಮನೆ 40: ಹೋದ ತಿಂಗಳು ರಿವೈಂಡಿಂಗ್ ಮಾಡಿಸಿದ ದುಡ್ಡು ನೀರಿಗೆ ಹಾಕಿದಂತಾಯಿತು.

ಮನೆ 31: ನೀರಿದ್ದರೆ ತಾನೆ ಹಾಕುವುದು.

ಮನೆ 9: ಮೇಡಂ ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಿ.

ಮನೆ 12: ಗಾಬರಿ ಬೇಡ, ಟ್ಯಾಂಕರಿನವನಿಗೆ ಹೇಳಿದ್ದೇನೆ. ನಾಳೆ ಬೆಳಿಗ್ಗೆ 8 ಗಂಟೆಗೆ ಬರುತ್ತಾನೆ. ಪಾರ್ಕ್ ಗೋಡೆಯ ಬಳಿ ನಿಲ್ಲಿಸಲು ಹೇಳಿದೆ, ಅಲ್ಲಿ ಜಾಗ ಖಾಲಿ ಇರುತ್ತದೆ.